ಚನ್ನಮಲ್ಲಪ್ಪನವರ ಕಿತ್ತಳೆ ಕೈ

ವಿಜಯನಗರದ ತಮ್ಮ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವುದೆಂದರೆ ಚನ್ನಮಲ್ಲಪ್ಪನವರಿಗೆ ಊಟಕ್ಕಿಂತ ಹೆಚ್ಚು. ಎಪ್ಪತ್ತಾರನೇ ಇಸವಿಯ ಒಂದು ಬೆಳಿಗ್ಗೆ ಸೆರಗು ಹರಡುತ್ತಿದ್ದಾಗಲೇ ಅವರ ಬಲಗಣ್ಣಿನ ಮೇಲೆ ಬೂದು ಪರದೆಯೊಂದು ಇಳಿಯಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಯಿತು. ಅಷ್ಟರಲ್ಲಿ ಅವರು ಗಾಬರಿಯಿಂದ ಆ ಸೀರೆಯನ್ನು ತಾವೇ ಹೊದ್ದು ಕುಳಿತಿದ್ದರು.

ಕಣ್ಣಿನ ಡಾಕ್ಟರು ಹನಿ ಹಾಕಿ, ದೀಪ ಬಿಟ್ಟು ನೋಡಿದರು.

“ಕಣ್ಣಿನ ಹಿಂದೆ ಅಕ್ಷಿಪಟಲ ಅಂತ ಇದೆ. ಅದಕ್ಕೆ ರಕ್ತ ಸರಿಯಾಗಿ ಹೋಗ್ತಾ ಇಲ್ಲ. ಬಿ.ಪಿ.ನೂ ಜಾಸ್ತಿ. ಮಾತ್ರೆ ತಗೊಳ್ಳಿ, ಬೀಡಿ ಬಿಡಿ. ಸೊಪ್ಪು, ನೆಲ್ಲಿಕಾಯಿ, ಕ್ಯಾರೆಟ್ ತಿನ್ನಿ. ಅದರಲ್ಲಿರೋ ಸತ್ವ ಪಟಲ ಹಾಳಾಗೋದನ್ನ ಸ್ವಲ್ಪ ತಡೀಬಹುದು ಅಂತಾರೆ. ನಾನು ಗ್ಯಾರಂಟಿ ಕೊಡಲ್ಲ. ಬೀಡಿ ಬಿಡೋದೇ ಮುಖ್ಯ.”

ಮನೆ ಸೇರುವಷ್ಟರಲ್ಲಿ ಅವರ ತಲೆಯಲ್ಲಿ ಉಳಿದದ್ದು ಕ್ಯಾರೆಟ್ ಒಂದೇ. ಮಾತ್ರೆಯನ್ನೇನೋ ಹೆಂಡತಿ ಕಲ್ಯಾಣಮ್ಮ ಎದುರು ನಿಂತು ನುಂಗಿಸುತ್ತಿದ್ದರು. ಆದರೆ ಪಲ್ಯ, ಸಾರು, ರೊಟ್ಟಿ ಎಲ್ಲದರಲ್ಲೂ ಕ್ಯಾರೆಟ್ಟೇ ಬೇಕು. ಹಿತ್ತಲಲ್ಲಿ ನಿಂತು ಒಂದು ದಮ್ಮು ಬೀಡಿ ಎಳೆದರೆ ಒಂದು ಸಲ ಕ್ಯಾರೆಟ್ ಕಚ್ಚುವರು.

“ರೀ, ಬೀಡಿ ಬಿಡಿ ಅಂದ್ರಲ್ವಾ ಡಾಕ್ಟ್ರು?”

“ಅದಕ್ಕೇ ಕಣೇ ಕ್ಯಾರೆಟ್. ಅದು ಹಾಳು ಮಾಡಿದ್ದನ್ನ ಇದು ರಿಪೇರಿ ಮಾಡುತ್ತೆ.”

ಕೆಲವು ವಾರಗಳಲ್ಲಿ ಅಂಗೈ ಕಿತ್ತಳೆ ಬಣ್ಣಕ್ಕೆ ತಿರುಗಿತು. ಗಿರಾಕಿಗಳು ಸೀರೆ ಬಿಟ್ಟು ಕೈ ನೋಡತೊಡಗಿದರು.

“ಈ ಸೀರೆ ಬಣ್ಣ ಬಿಡುತ್ತೆ,” ಎಂದರು ಮಾರೇನಹಳ್ಳಿಯಿಂದ ಬಂದಿದ್ದ ಚಿಕ್ಕಲಕ್ಷ್ಮಮ್ಮ.

“ಇಲ್ಲಮ್ಮ, ಗಟ್ಟಿ ಬಣ್ಣ.”

“ಹಂಗಾದ್ರೆ ನಿಮ್ಮ ಕೈಗೆ ಹತ್ತಿರೋದೇನು?”

ಚನ್ನಮಲ್ಲಪ್ಪ ಕಪಾಟಿನಿಂದ ಬಿಳಿ ಪಂಚೆಯೊಂದನ್ನು ತೆಗೆದು, ಅದಕ್ಕೆ ಕೈ ಒರೆಸಿ ತೋರಿಸಿದರು. ಆಕೆ ಅದನ್ನೂ ಉಜ್ಜಿ ನೋಡಿ ಎದುರಂಗಡಿಗೆ ನಡೆದರು.

ಕಾಮಾಲೆಯೇ ಇರಬೇಕೆಂದು ಹೆದರಿ ಕಲ್ಯಾಣಮ್ಮ ಗಂಡನನ್ನು ಮತ್ತೆ ಡಾಕ್ಟರ ಬಳಿ ಎಳೆದೊಯ್ದರು. ಡಾಕ್ಟರು ರೆಪ್ಪೆ ಎತ್ತಿದರು. ಕಣ್ಣಿನ ಬಿಳಿ ಬೆಳ್ಳಗೇ ಇತ್ತು.

“ಕಾಮಾಲೆ ಅಲ್ಲಮ್ಮ, ಕ್ಯಾರೆಟ್ ಬಣ್ಣ. ತಿನ್ನೋದು ಕಮ್ಮಿ ಮಾಡಿದ್ರೆ ಹೋಗುತ್ತೆ. ಬೀಡಿ ಬಿಟ್ರಾ?”

ಚನ್ನಮಲ್ಲಪ್ಪ ಸೂರು ನೋಡಿದರು. ಕಲ್ಯಾಣಮ್ಮ ಅವರ ಜೇಬಿಗೆ ಕೈ ಹಾಕಿ ಬೀಡಿ ಕಟ್ಟನ್ನು ಮೇಜಿನ ಮೇಲಿಟ್ಟರು. ಜೊತೆಗೆ ಅರ್ಧ ಕಚ್ಚಿದ ಕ್ಯಾರೆಟ್ಟೂ ಬಂತು.

“ಇನ್ನೊಂದ್ಸಲ ಪರದೆ ಇಳಿದ್ರೆ ಅದು ಸರಿಯುತ್ತೆ ಅಂತ ಹೇಳೋಕಾಗಲ್ಲ, ಯಜಮಾನ್ರೇ,” ಎಂದರು ಡಾಕ್ಟರು, ತಣ್ಣಗೆ.

ಆ ಮಾತು ನಾಟಿತು. ಬೀಡಿ ಬಿಟ್ಟ ಮೊದಮೊದಲು ಮನೆಯವರೊಂದಿಗೆಲ್ಲ ಜಗಳವಾಡಿದರು, ಒಮ್ಮೆ ಗೋಡೆಗಡಿಯಾರದೊಂದಿಗೂ. ಪರದೆ ಮತ್ತೆ ಇಳಿಯಲಿಲ್ಲ. ಕ್ಯಾರೆಟ್ಟೂ ಕಮ್ಮಿಯಾಗಿ ಕೈಯ ಕಿತ್ತಳೆ ಬಣ್ಣ ಹೋದ ದಿನ, ನಾಲ್ಕು ಜನ ನೋಡಲೆಂದು ಅಂಗಡಿ ಮೆಟ್ಟಿಲ ಮೇಲೆ ಎರಡೂ ಅಂಗೈ ಚಾಚಿ ಕುಳಿತರು. ಗುಡಿಯಿಂದ ಬರುತ್ತಿದ್ದ ಅಜ್ಜಿಯೊಬ್ಬರು ನಿಂತು, ಅಯ್ಯೋ ಪಾಪ ಎಂದು, ಆ ಅಂಗೈಗಳಲ್ಲಿ ಎರಡು ಬಾಳೆಹಣ್ಣು ಇಟ್ಟು ಹೋದರು.