ಹಗ್ಗದ ಆ ತುದಿ ಹಿಡಿದವರು

ಮೊಮ್ಮಕ್ಕಳೇ, ಸುಮಾ, ವೀರೇಶ, ನಮ್ಮೂರಿಗೆ ಬೇಸಾಯದ ಹೊಸ ವಿಧಾನ ಹೇಳಿಕೊಡಲು ಬರುತ್ತಿದ್ದ ಗ್ರಾಮಸೇವಕರ ಬಲಗೈ ಇನ್ನೂ ನನ್ನ ಕಣ್ಣ ಮುಂದಿದೆ. ಬೆರಳುಗಳ ಚರ್ಮ ಸುಲಿದು, ಉಗುರು ಕಂದಿದ ಕೈ. ಚಹಾ ಕೊಟ್ಟರೆ ಎಡಗೈಯಲ್ಲಿ ಲೋಟ ಹಿಡಿದು, "ತಪ್ಪು ತಿಳ್ಕೋಬ್ಯಾಡಮ್ಮ ತಂಗಿ" ಎನ್ನುತ್ತಿದ್ದರು. ನಾನು ಬಾಗಿಲ ಮರೆಯಲ್ಲೇ ತಲೆಯಾಡಿಸುತ್ತಿದ್ದೆ.

ಕಂಪ್ಲಿ ಕಡೆಯ ನಮ್ಮ ಗದ್ದೆಗೆ ಕಾಲುವೆ ನೀರು ಎರಡು ಬೆಳೆ ತಂದಿತು. ಜೊತೆಗೆ ಕಳೆಯನ್ನೂ ತಂದಿತು. ಕಳೆ ಸಾಯಿಸುವ ಔಷಧವನ್ನು ಊರಿಗೆ ಪರಿಚಯಿಸಿದವರು ಅವರೇ. ರೈತರು ಅಂಜಿದಾಗ ಬಕೆಟ್ಟಿಗೆ ಬರಿಗೈ ಹಾಕಿ ಕಲಸಿ ತೋರಿಸಿದ್ದರು. ಊರೂರಲ್ಲೂ ಹಾಗೇ. ನೋಡಿದ ನಿಮ್ಮ ತಾತನೂ ಹಾಗೇ ಕಲಿತರು. ಆ ಕೈಯಲ್ಲೇ ಬೀಡಿ ಹಚ್ಚುವರು, ನಿಮ್ಮ ಅಪ್ಪನನ್ನು ಎತ್ತಿಕೊಳ್ಳುವರು. ಊಟಕ್ಕೆ ಕೂತಾಗ ನಾನು ತಾತನ ಬೆರಳುಗಳನ್ನೇ ನೋಡುತ್ತಿದ್ದೆ. ಬೇಡವೆನ್ನುವ ಧೈರ್ಯ ಸಾಲದೆ, ಕೈ ತೊಳೆಯಲು ಇನ್ನೊಂದು ತಂಬಿಗೆ ನೀರು ತಂದಿಡುತ್ತಿದ್ದೆ.

ಒಂದು ಮಳೆಗಾಲ ಗ್ರಾಮಸೇವಕರು ಹಲ್ಲುಚಕ್ರದ ಕಳೆಯಂತ್ರ ಹೊತ್ತು ತಂದರು. ಸಾಲಿನ ನಡುವೆ ತಳ್ಳಿದರೆ ಕಳೆ ಕೆಸರಿಗೆ ಸೇರುತ್ತದೆ, ಔಷಧ ಬೇಡ ಎಂದರು.

"ಅವತ್ತು ಕೈ ಹಾಕಿ ತೋರ್ಸಿದ್ರಲ್ಲ ಸಾಹೇಬ್ರ, ಈಗ್ಯಾಕ ಅಂಜಿಕಿ?" ಎಂದು ಕಟ್ಟೆಯ ಮೇಲಿದ್ದವರು ನಕ್ಕರು.

ಅವರು ಬಲಗೈ ಎತ್ತಿದರು. "ಅವತ್ತು ತೋರ್ಸಿದ್ದೂ ಇದ ಕೈರಿ. ಈಗೊಮ್ಮೆ ನೋಡ್ರಿ."

ತಾತ ಯಂತ್ರ ತಳ್ಳಿ ನೋಡಿದರು. ನಮ್ಮದು ಸಾಲು ಹಿಡಿಯದೆ ಕಂಡಲ್ಲಿ ನೆಟ್ಟ ಪೈರು. ಕಳೆಯ ಜೊತೆ ಭತ್ತವೂ ಕಿತ್ತು ಬಂತು. ಸಿಟ್ಟಿನಿಂದ ಮನೆಗೆ ಬಂದು ಔಷಧದ ಡಬ್ಬಿ ತೆಗೆದು ಬಕೆಟ್ಟಿಗೆ ಸುರಿದು, ಕಲಸಲು ಕೈ ಚಾಚಿದರು. ಹಿಂದೆಯೇ ಬಂದ ಗ್ರಾಮಸೇವಕರು ಅಂಗಳದಲ್ಲಿ ನಿಂತಿದ್ದರು. ಪರಗಂಡಸಿನ ಎದುರೇ ನಾನು ಓಡಿಹೋಗಿ ತಾತನ ಮಣಿಕಟ್ಟು ಹಿಡಿದೆ. ಬಿಡಲಿಲ್ಲ.

"ತಂಗಿ ಅಂಜಿಕಿ ಖರೇ ಐತಿ ಗೌಡ್ರ," ಎಂದರು ಅವರು. "ಈ ಸಲ ಕೈಲೇ ಕಳಿ ತಗೀರಿ. ಮುಂದಿನ ನಾಟಿಗೆ ಸಾಲು ನೆಟ್ಟಗ ಬರೂಹಂಗ ನಾನ ಬಂದು ಹಗ್ಗ ಹಿಡಿತೀನಿ."

ಬಂದರು. ಪ್ಯಾಂಟು ಮಡಚಿ ಕೆಸರಿಗಿಳಿದು ಎಡಗೈಯಲ್ಲಿ ಹಗ್ಗದ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ನಾನು.

"ನಿಮ್ಮ ಹಗ್ಗದಾಗ ನಮ್ಮ ಹಾಡು ಕುಂಟಾಕತ್ತೈತ್ರಿ ಸಾಹೇಬ್ರ!" ಎಂದು, ಸಾಲುಸಾಲಿಗೂ ಹಗ್ಗ ಸರಿಯಲು ಕಾಯಬೇಕಾದ ನಾಟಿಯ ಹೆಂಗಸರು ಕೂಗಿದರು.

"ಕುಂಟ್ಲಿ ಬಿಡವ್ವ, ಸಾಲು ನೆಟ್ಟಗಿರ್ಲಿ."

ಆ ಬೆಳೆಯಲ್ಲಿ ಯಂತ್ರ ಸಲೀಸಾಗಿ ಓಡಿತು. ಡಬ್ಬಿ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಗ್ರಾಮಸೇವಕರು ಮುದುಕರಾಗುವ ಮೊದಲೇ ತೀರಿಕೊಂಡರು. ಯಾವ ಕಾಯಿಲೆಯೋ ನನಗೆ ತಿಳಿಯದು. ತಾತನ ಕೈ ಕಡೆಯವರೆಗೂ ನೆಟ್ಟಗಿತ್ತು.

ವೀರೇಶ, ಮೊನ್ನೆ ಬಾಳೆತೋಟದ ಹುಲ್ಲಿಗೆ ಔಷಧ ಕಲಸಲು ಕೋಲು ಸಿಗದೆ ನೀನು ಅಂಗಿಯ ತೋಳು ಮಡಚಿದ್ದನ್ನು ಕಂಡೆ. ಅಷ್ಟು ಜನರ ನಡುವೆ ಓಡಿಬರಲು ಈಗ ನನ್ನ ಕಾಲಿಗೆ ಶಕ್ತಿಯಿಲ್ಲ. ಅದಕ್ಕೇ ಬರೆದೆ. ಈ ಹಾಳೆಗಳನ್ನು ಜೋಪಾನ ಮಾಡಿ, ಮಕ್ಕಳೇ. ನನ್ನ ಕೈ ನಿಮ್ಮ ಮಣಿಕಟ್ಟಿನ ಮೇಲಿರಲಿ.