ಅರ್ಧ ಕೆಜಿ ಜೋಳದ ಚೀಲ

ಕಳೆದ ವಾರ ಅಡುಗೆಮನೆಗೆ ಸುಣ್ಣ ಬಳಿಸಲೆಂದು ಗೋಡೆಯ ಮೇಲಿದ್ದದ್ದನ್ನೆಲ್ಲ ತೆಗೆಯುತ್ತಿದ್ದೆ. ಜರಡಿಯ ಹಿಂದಿನ ಮೊಳೆಯಲ್ಲಿ ಒಂದು ಪುಟ್ಟ ಬಟ್ಟೆಯ ಚೀಲ ಸಿಕ್ಕಿತು. ಮುಗ್ಗಿದ ಜೋಳದ ವಾಸನೆ. ಅತ್ತೆಯ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಹೊಲಿದದ್ದು, ಬಾಯಿಗೆ ಲಾಡಿ, ಹಿಡಿಯಲು ಒಂದು ಕುಣಿಕೆ... ಮಾಡುತ್ತಿದ್ದ ಕೆಲಸ ಬಿಟ್ಟು ಅಲ್ಲೇ ಕೂತೆ.

ಜಗಳೂರಿನಲ್ಲಿ ನಮ್ಮದು ರೊಟ್ಟಿ ವ್ಯಾಪಾರ. ನಮ್ಮ ತಾಲೂಕಿನ ಸೊಕ್ಕೆ ಕಡೆಯಿಂದ ಬಂದ ಜೋಳವನ್ನು ಅತ್ತೆ ಮೊರದಲ್ಲಿ ಹಸನು ಮಾಡಿ, ಕಲ್ಲು-ಹರಳು ಆರಿಸಿ ಕೊಡುತ್ತಿದ್ದರು. ಬಡಿಯುವವಳು ನಾನು. ಮನೆ ನಡೆಯುತ್ತಿದ್ದದ್ದು ನನ್ನ ಬಲಗೈಯಿಂದ ಎಂದರೂ ಸುಳ್ಳಲ್ಲ. ಆ ಕೈಯ ಭುಜದಲ್ಲೇ ನೋವು ಶುರುವಾಯಿತು. ಎಣ್ಣೆ ತಿಕ್ಕಿಸಿದೆ, ಪಟ್ಟು ಹಾಕಿಸಿದೆ. ವರ್ಷ ಕಳೆದರೂ ಹೋಗಲಿಲ್ಲ. ಕೊನೆಕೊನೆಗೆ ಹತ್ತು ರೊಟ್ಟಿ ಬಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಖಾನಾವಳಿಯವರು ಬೇರೆ ಕಡೆ ರೊಟ್ಟಿ ಹುಡುಕತೊಡಗಿದರು.

ಸಿಕ್ಕವರೆಲ್ಲ ಒಂದೇ ಮಾತು, ಕೈ ಅಲ್ಲಾಡಿಸಬೇಡ. ಒಪ್ಪದವರು ಅತ್ತೆ ಒಬ್ಬರೇ. ಪ್ರಾಯದಲ್ಲಿ ಅವರಿಗೂ ಭುಜ ಹಿಡಿದಿತ್ತಂತೆ. ಆಗ ದೊಡ್ಡವರು ಕೈಯನ್ನು ಎದೆಗೆ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ತಿಂಗಳುಗಟ್ಟಲೆ ಕೂರಿಸಿದರು. ನೋವೇನೋ ಹೋಯಿತು. ಆದರೆ ಆ ಕೈ ಮತ್ತೆಂದೂ ಎದೆಗಿಂತ ಮೇಲೆ ಏಳಲಿಲ್ಲ. ಅವರ ತಲೆ ಬಾಚಿ ತುರುಬು ಕಟ್ಟುವುದಕ್ಕೆ ದಿನಾ ನಾನೇ ಬೇಕಾಗಿತ್ತು. ನನ್ನ ಕೈಯೂ ಕೂತ ಮೇಲೆ ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಅದು ಅವರಿಗೆ ಬಹಳ ನಾಚಿಕೆಯ ಸಂಗತಿಯಾಗಿತ್ತು.

ಅವರೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು. ವ್ಯಾಯಾಮ ಹೇಳಿಕೊಡುವ ಮೇಡಂ ನನ್ನ ತೋಳನ್ನು ಎತ್ತಿಸಿ, ತಿರುಗಿಸಿ ನೋಡಿದರು.

"ಭುಜದೊಳಗೆ ಹಗ್ಗದಂಥ ನರ ಐತ್ರಿ, ಅದು ದಣಿದೈತೆ. ಸುಮ್ನೆ ಇಟ್ರೆ ಇನ್ನೂ ಬಡವಾಗ್ತೈತೆ. ಅರ್ಧ ಕೆಜಿ ಹಿಡ್ಕಂಡು ನಿಧಾನಕ್ಕೆ ಎತ್ತಿ, ನಿಧಾನಕ್ಕೆ ಇಳಿಸ್ರಿ. ಸ್ವಲ್ಪ ನೋವಾದ್ರೆ ಹೆದರಬ್ಯಾಡ್ರಿ, ಮಾರನೇ ದಿನಕ್ಕೆ ಇಳಿದ್ರೆ ಸಾಕು. ರೂಢಿ ಆದಂಗೆ ಭಾರ ಹೆಚ್ಚಿಸ್ರಿ."

ಮನೆಗೆ ಬಂದವರೇ ಅತ್ತೆ ಈ ಚೀಲ ಹೊಲಿದು, ಅರ್ಧ ಕೆಜಿ ಜೋಳ ತೂಗಿಸಿ ತುಂಬಿದರು. ಅಂದಿನಿಂದ ಬೆಳಿಗ್ಗೆ-ಸಂಜೆ ನನ್ನ ಎದುರು ಮೊರ ಹಿಡಿದು ಕೂತು ಎಣಿಸತೊಡಗಿದರು. ಒಂದು ಸಲ ಗಡಿಬಿಡಿಯಲ್ಲಿ ಇಳಿಸಿದರೆ ಅದು ಲೆಕ್ಕಕ್ಕಿಲ್ಲ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವಾಗ ಬರುತ್ತದಪ್ಪಾ ಎಂದು ಒಳಗೊಳಗೇ ಬೈದುಕೊಂಡಿದ್ದೂ ಉಂಟು.

ಭಾರ ಹೆಚ್ಚಿಸುವ ಮಾತಿಗೆ ಮಾತ್ರ ನಾನು ಸುತರಾಂ ಒಪ್ಪಲಿಲ್ಲ. ಇದ್ದ ಕೈಯೂ ಹೋದರೆ ಗತಿಯೇನು ಎಂಬ ಹೆದರಿಕೆ. ಎಷ್ಟೋ ವಾರ ಅದೇ ಅರ್ಧ ಕೆಜಿ.

"ಇವತ್ತು ಯಾಕೋ ಭಾರ ಅನ್ನಿಸ್ತೈತೆ ಅತ್ತೆ," ಎಂದು ಒಮ್ಮೆ ಹೇಳಿದೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಅದಕ್ಕೇ ಹಂಗೆ. ಎತ್ತು."

ಮೂರು ತಿಂಗಳಾದ ಮೇಲೆ ಮೇಡಂ ನನ್ನ ತೋಳನ್ನು ಒತ್ತಿ ಹಿಡಿದು ಎತ್ತಿಸಿ ನೋಡಿದರು. ಭಾರ ಹೆಚ್ಚಿಸಿಲ್ಲ ಎಂದೆ. "ಬರೀ ಅರ್ಧ ಕೆಜಿಗೆ ಇಷ್ಟು ಶಕ್ತಿ ಹೆಂಗ್ ಬಂತ್ರಿ?" ಎಂದು ಹುಬ್ಬೇರಿಸಿದರು. ಅತ್ತೆ ಕಿಟಕಿಯಾಚೆ ನೋಡುತ್ತಾ, "ಜಗಳೂರಿನ ಜೋಳ ಅಲ್ಲೇನ್ರಿ," ಎಂದರು. ಆ ದಿನ ಮನೆಗೆ ಬಂದು ಅವರ ಹಿಂದೆ ಕೂತು, ಕೈ ಎತ್ತಿ, ತಲೆ ಬಾಚಿ ತುರುಬು ಕಟ್ಟಿದೆ. ಅವರು ತಿರುಗಿ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು. ಖಾನಾವಳಿಯವರು ಮತ್ತೆ ನಮ್ಮ ಬಾಗಿಲಿಗೇ ಬಂದರು.

ಅತ್ತೆ ಹೋಗಿ ಎರಡು ವರ್ಷವಾಯಿತು... ಹಾಸಿಗೆ ಹಿಡಿದದ್ದು ಎಂಟೇ ದಿನ. ಆ ಎಂಟು ದಿನವೂ ತುರುಬು ಕಟ್ಟಿದ್ದು ನಾನೇ.

ಹುಳ ಹಿಡಿದ ಜೋಳ ಇನ್ನೇಕೆ ಎಂದು ಲಾಡಿ ಬಿಚ್ಚಿ ಮೊರಕ್ಕೆ ಸುರಿದೆ. ಮೊದಲು ಒಂದು ಹಿಡಿ ಜೋಳ ಬಿತ್ತು. ಅದರ ಹಿಂದೆ ಗಳಗಳನೆ ಹರಳು. ಬರೀ ಹರಳು! ಕಂದು, ಬಿಳಿ, ಕಪ್ಪು, ಎಲ್ಲ ನಮ್ಮ ಜೋಳದಲ್ಲಿ ಅವರು ಆರಿಸಿ ತೆಗೆದವೇ. ನನಗೆ ಗೊತ್ತಾಗದಂತೆ ಜೋಳ ತೆಗೆದು ಚಿಟಿಕೆ ಚಿಟಿಕೆಯಾಗಿ ಹರಳು ತುಂಬಿದ್ದರು. ಅಂಗಡಿಗೆ ಒಯ್ದು ತೂಗಿಸಿದೆ. ಒಂದೂಕಾಲು ಕೆಜಿ. ಓದು ಬರಹ ಗೊತ್ತಿಲ್ಲದ ನನ್ನ ಅತ್ತೆ, ಮೇಡಂ ಹೇಳಿದ ಮಾತನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು. ಅಂಥವರ ಸೊಸೆ ನಾನು ಎಂದು ಅಂಗಡಿಯವನ ಮುಂದೆ ಜಂಬದಿಂದಲೇ ಹೇಳಿಕೊಂಡೆ.

ಹರಳು ಎಸೆಯಲಿಲ್ಲ. ಮತ್ತೆ ತುಂಬಿ, ಲಾಡಿ ಬಿಗಿದು, ಸುಣ್ಣ ಒಣಗಿದ ಮೇಲೆ ತಲೆಗಿಂತ ಎರಡು ಗೇಣು ಎತ್ತರದ ಆ ಮೊಳೆಗೇ ಬಲಗೈಯಿಂದ ಸಿಕ್ಕಿಸಿದೆ. ಭುಜ ಚುರ್ರೆನ್ನಲಿಲ್ಲ. ಕೈ ಇಷ್ಟು ಗಟ್ಟಿಯಾಗಿದೆ. ಆದರೆ ಆ ಕೈಯಿಂದ ತುರುಬು ಕಟ್ಟಿಸಿಕೊಳ್ಳುವವರೇ ಇಲ್ಲ.