ಗ್ಲೆನಿಸ್ ಕಾಯಿಸಿದ ಮನೆ

ವೇಲ್ಸ್ ಕಣಿವೆಯ ಗಣಿ ಕೆಲಸಗಾರರ ಹಳೆಯ ಸಾಲುಮನೆಯೊಂದರಲ್ಲಿ ಗ್ಲೆನಿಸ್ ಪ್ರಾಸರ್ ಬಾಡಿಗೆಗೆ ಹತ್ತೊಂಬತ್ತು ಚಳಿಗಾಲ ಕಳೆದಿದ್ದಳು. ಕೋಟು ತೊಟ್ಟೇ ಟೀ ಕುಡಿಯುವುದು ಅವಳಿಗೆ ರೂಢಿ. ಮನೆ ಎಷ್ಟು ಶಾಖ ಹಿಡಿದಿಡುತ್ತದೆಂದು ನೋಡಿ 'ಎ'ಯಿಂದ 'ಜಿ'ವರೆಗೆ ದರ್ಜೆ ಕೊಡುವವನು ಗುರುವಾರ ಬರುತ್ತಾನೆ, 'ಇ'ಗಿಂತ ಕೆಳಗಿಳಿದರೆ ಬಾಡಿಗೆಗೆ ಕೊಡುವಂತಿಲ್ಲ, ಮಾಲೀಕರು ಮಾರಿಬಿಡುತ್ತಾರೆ ಎಂದು ಏಜೆಂಟರ ಕಾಗದ ಬಂತು. ಬುಧವಾರದಿಂದಲೇ ಎಲ್ಲ ಹೀಟರುಗಳನ್ನೂ ಹಾಕಿಟ್ಟಳು.

ಬಂದವನು ಬೆವರು ಒರೆಸಿಕೊಂಡ. "ಏನಮ್ಮಾ, ಇಲ್ಲೇನು ಬ್ರೆಡ್ ಬೇಯಿಸ್ತಿದ್ದೀರಾ?"

"ನಮ್ಮನೆ ಯಾವಾಗ್ಲೂ ಹೀಗೇನಪ್ಪಾ, ಬೆಚ್ಚಗೆ," ಎಂದಳು.

"ನಾನು ಬಿಸಿ ಅಳೆಯೋಕೆ ಬಂದಿಲ್ಲಮ್ಮಾ. ಗೋಡೆ, ಕಿಟಕಿ, ಅಟ್ಟ ನೋಡ್ಬೇಕು, ಅಷ್ಟೇ."

ಅಟ್ಟದಲ್ಲಿ ಶಾಖ ಸೋರದಂತೆ ಅವಳೇ ಹಾಸಿದ್ದ ಹಳೆಯ ಕಂಬಳಿಗಳಷ್ಟೇ ಇದ್ದವು. ಅವು ಲೆಕ್ಕಕ್ಕಿಲ್ಲ ಎಂದು ಅವನು ತಲೆಯಾಡಿಸಿದ.

"ಯಾವ ದರ್ಜೆ ಬರುತ್ತಪ್ಪಾ?"

"ಕಾಗದ ಮಾಲೀಕರಿಗೆ ಹೋಗುತ್ತೆ," ಎಂದ, ಅವಳ ಮುಖ ನೋಡದೆ.

ಹತ್ತೊಂಬತ್ತು ವರ್ಷ ನಡುಗಿದವಳು ಇವಳು. ಅಟ್ಟಕ್ಕೊಂದು ಹಾಸು ಹಾಕಿಸದವನು ಮಾಲೀಕ. ಆದರೂ ತಪ್ಪೆಲ್ಲ ತನ್ನದೇ ಎಂಬಂತೆ ಗ್ಲೆನಿಸ್ ಬಾಗಿಲವರೆಗೂ ಅವನ ಹಿಂದೆ ಹೋಗಿ ಅಂಗಲಾಚಿದಳು: "ನಾನು ಯಾವತ್ತೂ ಚಳಿ ಅಂದಿಲ್ಲ ಅಂತ ಬರಿಯಪ್ಪಾ."